ಗಾಡಿ ಕೆಟ್ಟು ನಿಂತಾಗ ಬರುವವರು ಯಾರು? ಬ್ರೇಕ್‌ಡೌನ್ ಕವರ್ ತಗೊಳ್ಳುವ ಮುಂಚೆ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಕಾರುಗಳಿವೆ. ಒಂದು 9 ವರ್ಷ ಹಳೆಯ ಪೆಟ್ರೋಲ್ ಆಟೊಮ್ಯಾಟಿಕ್. ಅದನ್ನು ನಾನೂ ಓಡಿಸುತ್ತೇನೆ, ಈಗಷ್ಟೇ ಲೈಸೆನ್ಸ್ ಸಿಕ್ಕಿರುವ ಮಗಳೂ ಓಡಿಸುತ್ತಾಳೆ. ಇನ್ನೊಂದು ಹೊಸ ಎಲೆಕ್ಟ್ರಿಕ್ ಕಾರು, ಹೆಂಡತಿ ದಿನಾ ಆಫೀಸಿಗೆ ತಗೊಂಡು ಹೋಗುತ್ತಾರೆ. ವಿಮಾ ಕಂಪನಿಯವರು ಪಾಲಿಸಿ ಜೊತೆಗೇ ಬ್ರೇಕ್‌ಡೌನ್ ಕವರ್ ಆಡ್-ಆನ್ ಕೊಡುತ್ತೇವೆ ಎನ್ನುತ್ತಿದ್ದಾರೆ. ಬೆಲೆ ತೀರಾ ಕಡಿಮೆ. ಕಾರು ಕಂಪನಿಯದ್ದು ಇನ್ನೊಂದು ಪ್ಯಾಕೇಜ್ ಇದೆ. ಇದನ್ನೇ ಕೆಲಸ ಮಾಡಿಕೊಂಡಿರುವ ಬೇರೊಂದು ಸಂಸ್ಥೆ ಆಡ್-ಆನ್‌ನ ಮೂರು ಪಟ್ಟು ಕೇಳುತ್ತಿದೆ. ರಿವ್ಯೂ ಓದಿ ಓದಿ ತಲೆ ಕೆಟ್ಟಿದೆ. ಯಾವುದನ್ನು ನಂಬಲಿ?

ಉತ್ತರ: ಬೆಲೆಯನ್ನು ಸದ್ಯಕ್ಕೆ ಪಕ್ಕಕ್ಕಿಡಿ, ಕೊನೆಗೆ ನೋಡೋಣ. ಬ್ರೇಕ್‌ಡೌನ್ ಕವರ್ ಕೊಡುವವರನ್ನು ಅಳೆಯಲು ಎರಡೇ ಪ್ರಶ್ನೆ ಸಾಕು. ಫೋನ್ ಮಾಡಿದಾಗ ನಿಜವಾಗಿ ಹೊರಟು ಬರುವವರು ಯಾರು? ರಸ್ತೆ ಬದಿಯಲ್ಲೇ ಸರಿಹೋಗದಿದ್ದರೆ ಗಾಡಿಯನ್ನೂ ನಿಮ್ಮನ್ನೂ ಎಲ್ಲಿಗೆ ತಲುಪಿಸುತ್ತಾರೆ? ಜಾಹೀರಾತಿನ ಪಟ್ಟಿಯಲ್ಲಿ ಹಸಿರು ಟಿಕ್ ಹಾಕಿಕೊಂಡು ನಿಂತಿರುವ ಉಳಿದ ಸೌಲಭ್ಯಗಳೆಲ್ಲ ಇವೆರಡರ ನಂತರ. ಈ ಎರಡಕ್ಕೆ ಸರಿಯಾದ ಉತ್ತರ ಕೊಡದ ಕಂಪನಿ ಇಪ್ಪತ್ತು ಸೌಲಭ್ಯ ಕೊಟ್ಟರೂ ನನ್ನ ಲೆಕ್ಕದಲ್ಲಿ ಬೇಡ.

ಬರುವವರು ಯಾರು?

ಈ ವ್ಯವಹಾರದಲ್ಲಿ ಎರಡು ಬಗೆಯವರಿದ್ದಾರೆ. ಮೊದಲನೆಯವರು ಸ್ವಂತ ಗಾಡಿ, ಸ್ವಂತ ಸಂಬಳದ ಮೆಕ್ಯಾನಿಕ್ ಇಟ್ಟುಕೊಂಡವರು. ಹಳೆಯ ಮೋಟಾರು ಕ್ಲಬ್‌ಗಳಲ್ಲಿ ಕೆಲವು ಹೀಗೆ ಬೆಳೆದವು. ಜರ್ಮನಿಯ ಎಡಿಎಸಿ 1903ರಲ್ಲಿ ಮೋಟಾರ್‌ಸೈಕಲ್ ಸವಾರರ ಸಂಘವಾಗಿ ಶುರುವಾಯಿತು. ಇವತ್ತು ಅದರ ಹಳದಿ ಗಾಡಿಗಳು ವರ್ಷಕ್ಕೆ 30 ಲಕ್ಷಕ್ಕೂ ಜಾಸ್ತಿ ಕರೆಗಳಿಗೆ ಓಡುತ್ತವೆ. ಬ್ರಿಟನ್ನಿನ ಎಎ ಹುಟ್ಟಿದ್ದು 1905ರಲ್ಲಿ. ಪೊಲೀಸರು ವೇಗ ಹಿಡಿಯಲು ಎಲ್ಲಿ ಕಾದು ನಿಂತಿದ್ದಾರೆ ಎಂದು ಸದಸ್ಯರಿಗೆ ಎಚ್ಚರಿಸುವುದು ಅದರ ಮೊದಲ ಕೆಲಸವಾಗಿತ್ತು. ಕೆಟ್ಟ ಗಾಡಿ ರಿಪೇರಿ ಆಮೇಲೆ ಬಂತು. ಎಡಿಎಸಿ ಈಗಲೂ ಸದಸ್ಯರ ಸಂಘ. ಎಎ 1999ರಲ್ಲಿ ಸದಸ್ಯರ ಕೈಯಿಂದ ಕಂಪನಿಯೊಂದರ ಕೈಗೆ ಹೋಯಿತು. ಹಾಗಾಗಿ 'ಕ್ಲಬ್', 'ಸದಸ್ಯತ್ವ' ಎಂಬ ಬೋರ್ಡ್ ನೋಡಿ ಮರುಳಾಗಬೇಡಿ. ಮೆಕ್ಯಾನಿಕ್‌ಗೆ ಸಂಬಳ ಕೊಡುವವರು ಯಾರು ಎಂದು ಕೇಳಿ.

ಎರಡನೆಯವರ ಹತ್ತಿರ ಒಂದು ಗಾಡಿಯೂ ಇರುವುದಿಲ್ಲ. ಕಾಲ್ ಸೆಂಟರ್ ಇರುತ್ತದೆ, ಊರೂರಿನ ಗ್ಯಾರೇಜ್ ಮತ್ತು ಟೋಯಿಂಗ್ ಗಾಡಿಯವರ ಜೊತೆ ಒಪ್ಪಂದ ಇರುತ್ತದೆ. ನೀವು ಫೋನ್ ಮಾಡಿದರೆ ಅವರು ಆ ಊರಿನವರಿಗೆ ಫೋನ್ ಮಾಡುತ್ತಾರೆ. ಇದು ತಪ್ಪೇನಲ್ಲ. ಒಳ್ಳೆಯ ಜಾಲ ಇದ್ದರೆ ಸ್ವಂತ ಗಾಡಿ ಇರುವವರಿಗಿಂತ ಬೇಗ ಬರುತ್ತಾರೆ, ಏಕೆಂದರೆ ಸ್ಥಳೀಯರಿಗೆ ಒಳದಾರಿ ಗೊತ್ತಿರುತ್ತದೆ. ಆದರೆ ಈ ಏರ್ಪಾಡಿನಲ್ಲಿ ಹಣ ಹೇಗೆ ಹರಿಯುತ್ತದೆ ಎನ್ನುವುದನ್ನು ನೀವು ತಿಳಿದಿರಬೇಕು.

ಟೋಯಿಂಗ್ ಗಾಡಿಯವರಿಗೆ ಕಂಪನಿ ಸಾಮಾನ್ಯವಾಗಿ ಒಂದು ಕೆಲಸಕ್ಕೆ ಇಷ್ಟು ಎಂದು ಮೊದಲೇ ಗೊತ್ತುಮಾಡಿದ ದರ ಕೊಡುತ್ತದೆ. ಆ ದರ ಕಡಿಮೆ ಇದ್ದರೆ ಅಥವಾ ಬಿಲ್ ಪಾಸಾಗಲು ತಿಂಗಳುಗಟ್ಟಲೆ ಹಿಡಿದರೆ ಏನಾಗುತ್ತದೆ? ಬಿಡುವಿನ ವೇಳೆಯಲ್ಲಿ ಅವರು ಬರುತ್ತಾರೆ. ಜೋರು ಮಳೆ, ಹಬ್ಬದ ರಜೆ, ರಾತ್ರಿ ಹನ್ನೊಂದು ಗಂಟೆ ಎಂದರೆ ಕೈಗೆ ನಗದು ಕೊಡುವ ಗಿರಾಕಿ ಕಡೆಗೆ ಮೊದಲು ಹೋಗುತ್ತಾರೆ. ನಿಮ್ಮ ಕರೆ ಒಬ್ಬರಿಂದ ಒಬ್ಬರಿಗೆ ದಾಟುತ್ತಾ ಇರುತ್ತದೆ. ಕಾಲ್ ಸೆಂಟರ್‌ನವರು "ಗಾಡಿ ಹೊರಟಿದೆ ಸಾರ್, ಇನ್ನು ಇಪ್ಪತ್ತು ನಿಮಿಷ" ಎನ್ನುತ್ತಲೇ ಇರುತ್ತಾರೆ. ಅವರು ಬೇಕೆಂದು ಸುಳ್ಳು ಹೇಳುತ್ತಾರೆ ಅಂತಲ್ಲ. ಎಷ್ಟೋ ಸಲ ಅವರ ಕಂಪ್ಯೂಟರಿನಲ್ಲಿ ಹಾಗೇ ತೋರಿಸುತ್ತಿರುತ್ತದೆ.

ಇಲ್ಲಿ ಇನ್ನೊಂದು ಒಳಗುಟ್ಟು ಇದೆ. ವಿಮಾ ಕಂಪನಿಯ ಆಡ್-ಆನ್, ಕಾರು ಕಂಪನಿಯ ಪ್ಯಾಕೇಜ್, ಕೆಲವು ಬ್ಯಾಂಕ್ ಕಾರ್ಡ್‌ಗಳ ಜೊತೆ ಪುಕ್ಕಟೆ ಬರುವ ಸೌಲಭ್ಯ, ಇವುಗಳ ಹಿಂದೆ ಎಷ್ಟೋ ಸಲ ಒಂದೇ ಸಹಾಯ ಕಂಪನಿ ಇರುತ್ತದೆ. ಹೆಸರು ಬೇರೆ, ಫೋನ್ ನಂಬರ್ ಬೇರೆ, ಬರುವ ಗಾಡಿ ಒಂದೇ. ನಿಮ್ಮ ಮುಂದಿರುವ ಮೂರರಲ್ಲಿ ಎರಡು ಹೀಗೆ ಒಂದೇ ಆಗಿರಬಹುದು. ಪಾಲಿಸಿ ಪತ್ರದಲ್ಲಿ 'ಸೇವೆ ಒದಗಿಸುವವರು' ಎಂಬ ಸಾಲು ಹುಡುಕಿ. ಎರಡರಲ್ಲೂ ಒಂದೇ ಹೆಸರು ಕಂಡರೆ, ಷರತ್ತು ಯಾವುದರಲ್ಲಿ ಚೆನ್ನಾಗಿದೆ ಎಂದು ನೋಡಿ ಒಂದನ್ನು ಇಟ್ಟುಕೊಳ್ಳಿ. ಎರಡಕ್ಕೂ ಸುಮ್ನೆ ದುಡ್ಡು ಕೊಡುವುದು ದಂಡ.

ರಿವ್ಯೂ ಬಗ್ಗೆ ಕೇಳಿದ್ದೀರಿ. ಹಗಲಲ್ಲಿ, ಊರೊಳಗೆ, ಬ್ಯಾಟರಿ ಜಂಪ್ ಸ್ಟಾರ್ಟ್ ಮಾಡಿಸಿಕೊಂಡವರು ಬರೆದ ಐದು ನಕ್ಷತ್ರದ ಮೆಚ್ಚುಗೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಆ ಕೆಲಸವನ್ನು ಎಲ್ಲರೂ ಮಾಡುತ್ತಾರೆ. ರಾತ್ರಿ ಹೆದ್ದಾರಿಯಲ್ಲಿ ನಿಂತವರು, ಗೇರ್‌ಬಾಕ್ಸ್ ಹೋದವರು, ಮನೆಯಿಂದ ಬಲು ದೂರದಲ್ಲಿ ಸಿಕ್ಕಿಹಾಕಿಕೊಂಡವರು ಏನು ಬರೆದಿದ್ದಾರೆ ನೋಡಿ. ಹೋದ ಒಂದು ವರ್ಷದೊಳಗಿನದ್ದನ್ನು ಮಾತ್ರ ಓದಿ, ಏಕೆಂದರೆ ಇಂಥ ಕಂಪನಿಗಳು ಸ್ಥಳೀಯ ಒಪ್ಪಂದಗಳನ್ನು ಬದಲಿಸುತ್ತಾ ಇರುತ್ತವೆ. ಎರಡು ವರ್ಷದ ಹಿಂದೆ ಬಂದವರು ಈಗ ಆ ಪಟ್ಟಿಯಲ್ಲೇ ಇಲ್ಲದಿರಬಹುದು.

ಇದಕ್ಕಿಂತ ನಂಬಬಹುದಾದ ದಾರಿ ಒಂದಿದೆ. ನೀವು ಜಾಸ್ತಿ ಓಡಾಡುವ ದಾರಿಯಲ್ಲಿ ಟೋಯಿಂಗ್ ಗಾಡಿ ಇಟ್ಟುಕೊಂಡವರನ್ನೇ ಹೋಗಿ ಮಾತನಾಡಿಸಿ. ಯಾವ ಕಂಪನಿಯ ಕೆಲಸ ತಗೊಳ್ಳುತ್ತೀರಿ, ಯಾವುದನ್ನು ಬಿಟ್ಟಿದ್ದೀರಿ, ದುಡ್ಡು ಸರಿಯಾಗಿ ಕೊಡುವವರು ಯಾರು ಎಂದು ಕೇಳಿ. ಅವರು ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಟೋಯಿಂಗ್‌ನವರಿಗೆ ಸರಿಯಾಗಿ ಹಣ ಕೊಡುವ ಕಂಪನಿಯೇ ನಿಮ್ಮ ಕರೆಗೂ ಬೇಗ ಗಾಡಿ ಕಳಿಸುವ ಕಂಪನಿ.

'ಸರಾಸರಿ 40 ನಿಮಿಷ' ಎಂದರೆ?

ಸರಾಸರಿ ಎಂಬ ಅಂಕಿ ನಿಮಗೆ ಏನೂ ಹೇಳುವುದಿಲ್ಲ. ಹತ್ತು ಕರೆಗಳಲ್ಲಿ ಎಂಟಕ್ಕೆ 20 ನಿಮಿಷದಲ್ಲಿ, ಉಳಿದೆರಡಕ್ಕೆ ಎರಡೆರಡು ಗಂಟೆಯಲ್ಲಿ ಬಂದರೂ ಸರಾಸರಿ 40 ನಿಮಿಷವೇ. ಆ ಎರಡು ಕರೆ ಯಾರದ್ದು? ಊರಾಚೆ ನಿಂತವರದ್ದು, ರಾತ್ರಿ ನಿಂತವರದ್ದು. ಕವರ್ ನಿಜವಾಗಿ ಬೇಕಾಗಿದ್ದವರದ್ದು.

ಹಾಗಾಗಿ ಕೇಳುವ ಪ್ರಶ್ನೆ ಬೇರೆ ಇರಲಿ. ನೂರರಲ್ಲಿ ಎಷ್ಟು ಕರೆಗೆ ಒಂದು ಗಂಟೆಯೊಳಗೆ ತಲುಪುತ್ತೀರಿ? ರಾತ್ರಿ ಹೊತ್ತಿನ ಅಂಕಿ ಎಷ್ಟು? ಇನ್ನೂ ಒಂದು ಮುಖ್ಯ: ಗಡಿಯಾರ ಶುರುವಾಗುವುದು ಯಾವಾಗ? ನೀವು ಫೋನ್ ಎತ್ತಿದ ಕ್ಷಣದಿಂದಲೋ, ಕೆಲಸವನ್ನು ಟೋಯಿಂಗ್‌ನವರು ಒಪ್ಪಿಕೊಂಡ ಕ್ಷಣದಿಂದಲೋ? ಒಪ್ಪಿಕೊಳ್ಳಲೇ ಮುಕ್ಕಾಲು ಗಂಟೆ ಹಿಡಿದಿದ್ದರೆ ಅದು ಅವರ ಲೆಕ್ಕಕ್ಕೆ ಬರುವುದಿಲ್ಲ. ಜೊತೆಗೆ, ಬಂದವರು ರಸ್ತೆ ಬದಿಯಲ್ಲೇ ಸರಿಮಾಡಿ ಕಳಿಸುವುದು ನೂರಕ್ಕೆ ಎಷ್ಟು ಎಂದೂ ಕೇಳಿ. ರಿಪೇರಿಗಿಂತ ಎಳೆದುಕೊಂಡು ಹೋಗುವುದಕ್ಕೆ ಜಾಸ್ತಿ ದುಡ್ಡು ಸಿಗುವ ಒಪ್ಪಂದ ಇದ್ದರೆ, ಸಡಿಲವಾದ ಒಂದು ಬ್ಯಾಟರಿ ಟರ್ಮಿನಲ್‌ಗೂ ನಿಮ್ಮ ಕಾರು ಗ್ಯಾರೇಜ್ ಸೇರುತ್ತದೆ. ನಿಮ್ಮ ಇಡೀ ದಿನ ಹಾಳು.

ಈ ಅಂಕಿಗಳನ್ನು ಫೋನಿನಲ್ಲಿ ಕೇಳಿದರೆ ಮಾರಾಟದವರು ಬಾಯಿಗೆ ಬಂದದ್ದು ಹೇಳುತ್ತಾರೆ. ಇ-ಮೇಲ್‌ನಲ್ಲಿ ಕೇಳಿ. ಬರಹದಲ್ಲಿ ಉತ್ತರ ಕೊಡಲು ಹಿಂಜರಿಯುವವರನ್ನು ಅಲ್ಲಿಗೇ ಬಿಡಿ.

ಎಲ್ಲಿಗೆ ತಲುಪಿಸುತ್ತಾರೆ?

1916ರಲ್ಲಿ ಅಮೆರಿಕದ ಚಟನೂಗದ ಅರ್ನೆಸ್ಟ್ ಹೋಮ್ಸ್ ಎಂಬ ಗ್ಯಾರೇಜಿನವರು ಹಳೆಯ ಕ್ಯಾಡಿಲಾಕ್ ಕಾರಿನ ಮೇಲೆ ಕಂಬ, ರಾಟೆ, ಸರಪಳಿ ಜೋಡಿಸಿ ಟೋಯಿಂಗ್ ಗಾಡಿ ಕಟ್ಟಿದರು. ಅದಕ್ಕೆ ಮೊದಲು ಹಳ್ಳಕ್ಕೆ ಬಿದ್ದ ಕಾರೊಂದನ್ನು ಹಗ್ಗ, ದಿಮ್ಮಿ ಇಟ್ಟುಕೊಂಡು ಹಲವು ಮಂದಿ ಸೇರಿ ಗಂಟೆಗಟ್ಟಲೆ ಒದ್ದಾಡಿ ಎತ್ತಿದ್ದರಂತೆ. ಅಂದಿಗೂ ಇಂದಿಗೂ ಈ ಕೆಲಸದಲ್ಲಿ ದುಬಾರಿ ಭಾಗ ಇದೇ. ಪಂಕ್ಚರ್ ಹಾಕುವುದು, ಬ್ಯಾಟರಿಗೆ ಕೇಬಲ್ ಕೊಡುವುದು ಸಣ್ಣ ಖರ್ಚು. ಗಾಡಿಯನ್ನು ಮೇಲೆ ಹತ್ತಿಸಿಕೊಂಡು ಬಹಳ ದೂರ ಒಯ್ಯುವುದು ದೊಡ್ಡ ಖರ್ಚು. ಅಗ್ಗದ ಕವರ್ ಅಗ್ಗವಾಗುವುದು ಇಲ್ಲೇ. ಆದ್ದರಿಂದ ಪಾಲಿಸಿಯಲ್ಲಿ ಟೋಯಿಂಗ್ ಬಗ್ಗೆ ಇರುವ ಸಾಲನ್ನು ನಿಧಾನವಾಗಿ ಓದಬೇಕು.

ಸಾಮಾನ್ಯವಾಗಿ ಸಾಲು ಹೀಗಿರುತ್ತದೆ: 'ಸ್ಥಳದಲ್ಲೇ ದುರಸ್ತಿ ಸಾಧ್ಯವಾಗದಿದ್ದಲ್ಲಿ ವಾಹನವನ್ನು 50 ಕಿ.ಮೀ. ಮಿತಿಯೊಳಗೆ ಸಮೀಪದ ಅಧಿಕೃತ ವರ್ಕ್‌ಶಾಪ್‌ಗೆ ಸಾಗಿಸಲಾಗುವುದು.' ಓದಲು ಚೆನ್ನಾಗಿದೆ, ಅಲ್ವಾ? ಈಗ ಒಂದೊಂದಾಗಿ ಬಿಡಿಸಿ ನೋಡಿ.

50 ಕಿ.ಮೀ. ಎಲ್ಲಿಂದ? ಗಾಡಿ ನಿಂತ ಜಾಗದಿಂದ ಎಂದು ನೀವು ಅಂದುಕೊಳ್ಳುತ್ತೀರಿ. ಕೆಲವು ಕಂಪನಿಗಳು ಟೋಯಿಂಗ್ ಗಾಡಿ ತನ್ನ ಶೆಡ್‌ನಿಂದ ಹೊರಟು ನಿಮ್ಮ ಹತ್ತಿರ ಬಂದು, ನಿಮ್ಮನ್ನು ಬಿಟ್ಟು, ಮತ್ತೆ ಶೆಡ್ ಸೇರುವವರೆಗಿನ ಎಲ್ಲ ಕಿಲೋಮೀಟರ್ ಸೇರಿಸುತ್ತವೆ. ಹಾಗಾದರೆ 50 ಎನ್ನುವುದು ನಿಮ್ಮ ಪಾಲಿಗೆ ಇಪ್ಪತ್ತೂ ಆಗದಿರಬಹುದು. ಮಿತಿ ದಾಟಿದ ಪ್ರತಿ ಕಿಲೋಮೀಟರಿಗೆ ಎಷ್ಟು ಎಂಬುದನ್ನೂ ಬರೆದಿರಬೇಕು. ಬರೆದಿಲ್ಲದಿದ್ದರೆ ಆ ದರವನ್ನು ರಸ್ತೆ ಬದಿಯಲ್ಲಿ ಡ್ರೈವರ್ ಹೇಳುತ್ತಾರೆ. ಆಗ ಚೌಕಾಸಿ ಮಾಡುವ ಸ್ಥಿತಿಯಲ್ಲಿ ನೀವಿರುವುದಿಲ್ಲ.

'ಸಮೀಪದ ಅಧಿಕೃತ ವರ್ಕ್‌ಶಾಪ್' ಆರಿಸುವವರು ಯಾರು? ಅವರೇ. ನಿಮ್ಮ 9 ವರ್ಷದ ಕಾರನ್ನು ಬಹುಶಃ ನೀವು ನಂಬಿದ ಒಬ್ಬ ಮೆಕ್ಯಾನಿಕ್ ನೋಡಿಕೊಳ್ಳುತ್ತಿದ್ದಾರೆ. ಕಾರು ಅವರ ಹತ್ತಿರ ಹೋಗುವುದಿಲ್ಲ, ಗುರುತು ಪರಿಚಯ ಇಲ್ಲದ ಕಡೆ ಹೋಗಿ ನಿಲ್ಲುತ್ತದೆ. ರಾತ್ರಿಯಾಗಿದ್ದರೆ ಆ ವರ್ಕ್‌ಶಾಪ್‌ನ ಬಾಗಿಲು ಹಾಕಿರುತ್ತದೆ. ಬೆಳಗ್ಗೆವರೆಗೆ ಗಾಡಿ ಎಲ್ಲಿರುತ್ತದೆ, ನಿಲ್ಲಿಸಿದ ಬಾಡಿಗೆ ಯಾರದ್ದು, ಬೆಳಗ್ಗೆ ಮತ್ತೆ ಸಾಗಿಸಬೇಕಾದರೆ ಅದು ಎರಡನೇ ಕರೆ ಎಂದು ಲೆಕ್ಕವೋ? ಇದನ್ನೆಲ್ಲ ಮೊದಲೇ ಕೇಳಿಕೊಳ್ಳಿ.

ಸಾಲಿನಲ್ಲಿ 'ವಾಹನ' ಎಂದಿದೆ. ನೀವು? ಟೋಯಿಂಗ್ ಗಾಡಿಯ ಕ್ಯಾಬಿನ್‌ನಲ್ಲಿ ಸಾಮಾನ್ಯವಾಗಿ ಒಬ್ಬಿಬ್ಬರು ಕೂರಬಹುದು. ಟೋಯಿಂಗ್ ಗಾಡಿಯ ಮೇಲೆ ಹತ್ತಿಸಿದ ಕಾರಿನೊಳಗೆ ಕೂತು ಪ್ರಯಾಣ ಮಾಡುವಂತಿಲ್ಲ, ಅದು ಅಪಾಯ. ಮನೆಮಂದಿಯೆಲ್ಲ ಇದ್ದಾಗ ಉಳಿದವರು ಹೇಗೆ ಹೋಗಬೇಕು? ಟ್ಯಾಕ್ಸಿ, ರಾತ್ರಿ ತಂಗಲು ಹೋಟೆಲ್, ಬದಲಿ ಕಾರು ಕೊಡುವ ಕವರ್‌ಗಳಿವೆ. ಅವುಗಳಲ್ಲಿ ಎರಡು ಬಗೆ. ಕಂಪನಿಯೇ ಗೊತ್ತುಮಾಡಿ ಕಳಿಸುವುದು ಒಂದು. ನೀವು ಖರ್ಚು ಮಾಡಿ ರಸೀದಿ ಕಳಿಸಿ, ಆಮೇಲೆ ಹಣ ವಾಪಸ್ ಪಡೆಯುವುದು ಇನ್ನೊಂದು. ಎರಡನೆಯದು ಅಗ್ಗ. ಆದರೆ ನಡುರಾತ್ರಿ ಗೊತ್ತಿಲ್ಲದ ಜಾಗದಲ್ಲಿ ಟ್ಯಾಕ್ಸಿ ಹುಡುಕುವ ಕೆಲಸ ನಿಮ್ಮದೇ. ಮನೆಯಲ್ಲಿ ವಯಸ್ಸಾದವರೋ ಪುಟ್ಟ ಮಕ್ಕಳೋ ಇದ್ದರೆ ನಾನು ಮೊದಲನೆಯದಕ್ಕೇ ದುಡ್ಡು ಹಾಕಿ ಎನ್ನುತ್ತೇನೆ.

'ನೀವು ಹೇಳಿದ ಜಾಗಕ್ಕೆ, ದೂರದ ಮಿತಿ ಇಲ್ಲದೆ, ಎಲ್ಲ ಪ್ರಯಾಣಿಕರ ಜೊತೆಗೆ' ಎಂದು ಬರೆದಿರುವ ಪಾಲಿಸಿ ನೋಡಿದರೆ ಬೆಲೆ ಜಾಸ್ತಿ ಏಕೆ ಎಂದು ಈಗ ಅರ್ಥವಾಗುತ್ತದೆ. ನಿಮಗೆ ಮೂರು ಪಟ್ಟು ಹೇಳಿದ ಸಂಸ್ಥೆ ಇದನ್ನು ಕೊಡುತ್ತಿದೆಯೇ? ಕೊಡುತ್ತಿದ್ದರೆ ಆ ಬೆಲೆ ದುಬಾರಿ ಅಲ್ಲ. ಕೊಡದೆ ಮೂರು ಪಟ್ಟು ಕೇಳುತ್ತಿದ್ದರೆ ಅಲ್ಲಿಂದ ಎದ್ದು ಬನ್ನಿ.

ಅತಿ ಹೆಚ್ಚು ಕೈಕೊಡುವುದು ಬ್ಯಾಟರಿ

ಎಡಿಎಸಿ ಪ್ರತಿ ವರ್ಷ ಬ್ರೇಕ್‌ಡೌನ್‌ಗಳ ಲೆಕ್ಕ ಪ್ರಕಟಿಸುತ್ತದೆ. ಅದರಲ್ಲಿ ಮೊದಲ ಸ್ಥಾನ ಯಾವಾಗಲೂ 12 ವೋಲ್ಟ್ ಬ್ಯಾಟರಿಗೆ. ಇತ್ತೀಚಿನ ವರ್ಷಗಳಲ್ಲಿ ಶೇಕಡಾ 40ಕ್ಕಿಂತ ಜಾಸ್ತಿ ಕರೆಗಳಿಗೆ ಅದೇ ಕಾರಣ. ಇದರಿಂದ ಕವರ್ ಆರಿಸುವವರಿಗೆ ಒಂದು ನೇರವಾದ ಪಾಠ ಇದೆ. ಬ್ಯಾಟರಿ ಸಾಯುವುದು ಓಡುವಾಗ ಕಡಿಮೆ, ನಿಂತಾಗ ಜಾಸ್ತಿ. ಬೆಳಗ್ಗೆ ಎದ್ದು ಕೀ ತಿರುಗಿಸಿದರೆ ಸೆಲ್ಫ್ ತಗೊಳ್ಳುವುದಿಲ್ಲ. ಅಂದರೆ ಗಾಡಿ ಕೆಡುವ ಜಾಗ ನಿಮ್ಮ ಮನೆಯ ಮುಂದೆಯೇ. ಆದರೆ ತಳಮಟ್ಟದ ಅಗ್ಗದ ಕವರ್‌ಗಳಲ್ಲಿ 'ಮನೆಯಿಂದ ಇಷ್ಟು ದೂರದೊಳಗೆ ಸೇವೆ ಇಲ್ಲ' ಎಂಬ ಷರತ್ತು ಇರುತ್ತದೆ. ಅತಿ ಹೆಚ್ಚು ಬರುವ ತೊಂದರೆಯನ್ನೇ ಹೊರಗಿಟ್ಟ ಹಾಗಾಯಿತು. ಮನೆ ಬಾಗಿಲಿಗೆ ಬರುವ ಸೇವೆ ಇಲ್ಲದ ಕವರ್ ನಿಮ್ಮ ಹಳೆಯ ಕಾರಿಗೆ ತಗೊಳ್ಳಬೇಡಿ.

ಇನ್ನೊಂದು ವಿಷಯ. ಹಳೆಯ ಬ್ಯಾಟರಿ ಇಟ್ಟುಕೊಂಡು ಪದೇ ಪದೇ ಕರೆಸಿದರೆ, ಅದೇ ದೋಷಕ್ಕೆ ಮತ್ತೆ ಬರುವುದಿಲ್ಲ ಎಂದು ಕಂಪನಿ ಹೇಳಬಹುದು. ಆ ಷರತ್ತು ಬಹಳ ಪಾಲಿಸಿಗಳಲ್ಲಿದೆ. ಎಂಜಿನ್ ಆರಿಸಿ ರಾತ್ರಿಯಿಡೀ ನಿಲ್ಲಿಸಿದ ಮೇಲೆ ಮೀಟರ್ ಹಿಡಿದರೆ ಚೆನ್ನಾಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ರ ಹತ್ತಿರ ಇಳಿದಿದ್ದರೆ ಅದರಲ್ಲಿ ಚಾರ್ಜ್ ಉಳಿದಿಲ್ಲ ಎಂದೇ ಅರ್ಥ. ಓಡಿಸಿ ಚಾರ್ಜ್ ಆದ ಮೇಲೂ ಮರುದಿನ ಮತ್ತೆ ಅಷ್ಟಕ್ಕೇ ಇಳಿದರೆ ಬದಲಿಸುವ ಕಾಲ ಬಂದಿದೆ. ಕವರ್‌ಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಹೊಸ ಬ್ಯಾಟರಿಗೆ ಹಾಕುವುದು ಕೆಲವೊಮ್ಮೆ ಹೆಚ್ಚು ಲಾಭ.

ನಿಮ್ಮ ಎರಡೂ ಕಾರುಗಳು ಎಳೆಸಿಕೊಳ್ಳುವ ಕಾರುಗಳಲ್ಲ

ಇದನ್ನು ನೀವು ಕೇಳಿಲ್ಲ. ಆದರೂ ಹೇಳಲೇಬೇಕು. ಟೋಯಿಂಗ್ ಗಾಡಿಗಳಲ್ಲಿ ಕೆಲವು ಕಾರಿನ ಎರಡು ಚಕ್ರಗಳನ್ನು ಮಾತ್ರ ಎತ್ತಿ, ಉಳಿದೆರಡನ್ನು ರಸ್ತೆ ಮೇಲೆ ಉರುಳಿಸಿಕೊಂಡು ಹೋಗುತ್ತವೆ. ಇನ್ನು ಕೆಲವು ಫ್ಲಾಟ್‌ಬೆಡ್. ಅಂದರೆ ಇಡೀ ಕಾರನ್ನು ಮೇಲೆ ಹತ್ತಿಸಿಕೊಳ್ಳುವಂಥವು.

ಎಲೆಕ್ಟ್ರಿಕ್ ಕಾರಿನಲ್ಲಿ ಚಕ್ರಕ್ಕೆ ಮೋಟಾರು ನೇರವಾಗಿ ಸೇರಿಕೊಂಡಿರುತ್ತದೆ. ಚಕ್ರ ತಿರುಗಿದರೆ ಮೋಟಾರೂ ತಿರುಗುತ್ತದೆ, ತಿರುಗಿದ ಮೋಟಾರು ಜನರೇಟರಿನಂತೆ ವಿದ್ಯುತ್ ಹುಟ್ಟಿಸುತ್ತದೆ. ಕಾರು ಸತ್ತಿರುವಾಗ ಆ ವಿದ್ಯುತ್ತನ್ನು ಹಿಡಿತದಲ್ಲಿ ಇಡುವ ವ್ಯವಸ್ಥೆಯೂ ಮಲಗಿರುತ್ತದೆ. ಇನ್ವರ್ಟರ್, ಮೋಟಾರು ಹಾಳಾಗಬಹುದು, ಬಿಸಿಯಾಗಿ ಬೆಂಕಿಯ ಅಪಾಯವೂ ಇದೆ. ಅದಕ್ಕೇ ತಯಾರಕರು ನಾಲ್ಕೂ ಚಕ್ರ ನೆಲ ಬಿಟ್ಟಿರಬೇಕು ಎನ್ನುತ್ತಾರೆ. ಆಟೊಮ್ಯಾಟಿಕ್ ಕಾರಿನ ಕಥೆ ಬೇರೆ, ಎಚ್ಚರಿಕೆ ಅದೇ. ಗೇರ್‌ಬಾಕ್ಸ್‌ನೊಳಗೆ ಎಣ್ಣೆ ಹರಿಸುವ ಪಂಪ್ ಸಾಮಾನ್ಯವಾಗಿ ಎಂಜಿನ್‌ನಿಂದ ನಡೆಯುತ್ತದೆ. ಎಂಜಿನ್ ಆರಿರುವಾಗ ಎಂಜಿನ್ನಿಗೆ ಸೇರಿದ ಚಕ್ರಗಳನ್ನು ನೆಲದ ಮೇಲೆ ಉರುಳಿಸಿ ಎಳೆದರೆ ಒಳಗೆ ಎಣ್ಣೆ ಇಲ್ಲದೆ ಸವೆಯುತ್ತದೆ. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಾದರೆ ಎರಡು ಚಕ್ರ ಎತ್ತಿ ಎಳೆಯುವುದು ಇನ್ನೂ ಕೆಟ್ಟದ್ದು.

ಆದ್ದರಿಂದ 'ನನ್ನ ಕಾರಿಗೆ ಫ್ಲಾಟ್‌ಬೆಡ್ ಕಳಿಸುತ್ತೀರಾ, ಅದಕ್ಕೆ ಬೇರೆ ದುಡ್ಡು ಇದೆಯಾ' ಎಂದು ಕೊಳ್ಳುವ ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಕರೆ ಮಾಡಿದಾಗಲೂ ಮೊದಲ ಮಾತೇ 'ಇದು ಎಲೆಕ್ಟ್ರಿಕ್, ಫ್ಲಾಟ್‌ಬೆಡ್ ಬೇಕು' ಎಂದಿರಲಿ. ತಪ್ಪು ಗಾಡಿ ಬಂದರೆ ಅದು ವಾಪಸ್ ಹೋಗಿ ಸರಿಯಾದದ್ದು ಬರುವವರೆಗೆ ನೀವು ಅಲ್ಲೇ. ಬಂದವರು "ಏನಾಗಲ್ಲ ಬಿಡಿ, ನಿಧಾನಕ್ಕೆ ಎಳಕೊಂಡು ಹೋಗೋಣ" ಎಂದರೆ ಒಪ್ಪಬೇಡಿ.

ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟ್ ಬ್ಯಾಟರಿ ಒಂದಿರುತ್ತದೆ ಎನ್ನುವುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಕಾರು ಎಚ್ಚರವಾಗುವುದಿಲ್ಲ. ಎಡಿಎಸಿ ಲೆಕ್ಕದಲ್ಲಿ ಎಲೆಕ್ಟ್ರಿಕ್ ಕಾರುಗಳು ನಿಂತುಹೋಗಲೂ ಮೊದಲ ಕಾರಣ ಇದೇ. ಚಾರ್ಜ್ ಮುಗಿದು ನಿಲ್ಲುವುದು ಬೇರೆ. ಕೆಲವು ಪಾಲಿಸಿಗಳು ಅದನ್ನು ಬ್ರೇಕ್‌ಡೌನ್ ಎಂದು ಒಪ್ಪುತ್ತವೆ, ಹತ್ತಿರದ ಚಾರ್ಜರ್‌ಗೆ ತಲುಪಿಸುತ್ತವೆ. ಕೆಲವು 'ಚಾಲಕನ ಅಜಾಗರೂಕತೆ' ಎಂದು ಕೈ ತೊಳೆದುಕೊಳ್ಳುತ್ತವೆ. ನಿಮ್ಮ ಹೆಂಡತಿಯವರ ಕಾರಿಗೆ ಈ ಸಾಲು ಮುಖ್ಯ.

ಸಣ್ಣ ಅಕ್ಷರದಲ್ಲಿ ಇನ್ನಷ್ಟು

ಕವರ್ ಗಾಡಿಗೋ, ವ್ಯಕ್ತಿಗೋ? ಗಾಡಿಗೆ ಇದ್ದರೆ ನಿಮ್ಮ ಮಗಳು ಓಡಿಸುವಾಗ ನಿಂತರೂ ಬರುತ್ತಾರೆ. ವ್ಯಕ್ತಿಗೆ ಇದ್ದರೆ ಹೆಸರಿರುವವರು ಯಾವ ಗಾಡಿಯಲ್ಲಿದ್ದರೂ ಬರುತ್ತಾರೆ, ಆದರೆ ಹೆಸರು ಸೇರಿಸದ ಮಗಳಿಗೆ ಇಲ್ಲ. ಎರಡು ಕಾರು, ಮೂವರು ಚಾಲಕರು ಇರುವ ನಿಮ್ಮಂಥ ಮನೆಗೆ ಕುಟುಂಬದ ಕವರ್ ಇದ್ದರೆ ಅದನ್ನೂ ಒಮ್ಮೆ ಲೆಕ್ಕ ಹಾಕಿ.

ಗಾಡಿಯ ವಯಸ್ಸಿನ ಮಿತಿ ನೋಡಿ. ಕೆಲವರು ಹತ್ತು ವರ್ಷಕ್ಕೆ ಗೆರೆ ಎಳೆಯುತ್ತಾರೆ. ನಿಮ್ಮದು ಈಗ 9. ಈ ವರ್ಷ ತಗೊಂಡು ಮುಂದಿನ ವರ್ಷ ನವೀಕರಣಕ್ಕೆ ಹೋದರೆ ಇಲ್ಲ ಎನ್ನಬಹುದು.

ಪಾಲಿಸಿ ತಗೊಂಡ ಮೊದಲ ಒಂದೆರಡು ದಿನ ಸೇವೆ ಇಲ್ಲ ಎಂಬ ಷರತ್ತು ಸಾಮಾನ್ಯ. ಗಾಡಿ ಕೆಟ್ಟ ಮೇಲೆ ಕವರ್ ಕೊಳ್ಳುವವರನ್ನು ತಡೆಯಲು ಅದಿದೆ, ನ್ಯಾಯವಾದದ್ದೇ. ದೂರ ಹೊರಡುವ ಹಿಂದಿನ ರಾತ್ರಿ ಕೊಳ್ಳಬೇಡಿ, ಅಷ್ಟೇ. ವರ್ಷಕ್ಕೆ ಎಷ್ಟು ಕರೆ ಎಂಬ ಮಿತಿಯೂ ಇರುತ್ತದೆ. ಒಂದು ಕಾರಿಗೆ ನಾಲ್ಕು ಸಿಕ್ಕರೆ ಸಾಕು, ಅದಕ್ಕಿಂತ ಜಾಸ್ತಿ ಬೇಕಾಗುತ್ತಿದ್ದರೆ ರಿಪೇರಿ ಮಾಡಿಸಬೇಕಾದದ್ದು ಕಾರನ್ನು.

ಪಂಕ್ಚರ್ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಬರುವ ಮೆಕ್ಯಾನಿಕ್ ಸಾಮಾನ್ಯವಾಗಿ ನಿಮ್ಮ ಸ್ಟೆಪ್ನಿ ಹಾಕಿಕೊಡುತ್ತಾರೆ, ಅಷ್ಟೇ. ಹೊಸ ಕಾರುಗಳಲ್ಲಿ, ಅದರಲ್ಲೂ ಎಲೆಕ್ಟ್ರಿಕ್‌ನಲ್ಲಿ, ಎಷ್ಟೋ ಕಡೆ ಸ್ಟೆಪ್ನಿಯೇ ಇರುವುದಿಲ್ಲ. ಒಂದು ಡಬ್ಬಿ ಅಂಟು ದ್ರಾವಣ, ಒಂದು ಪುಟ್ಟ ಗಾಳಿ ಪಂಪ್ ಕೊಟ್ಟಿರುತ್ತಾರೆ. ಟೈರಿನ ಪಕ್ಕದ ಗೋಡೆ ಹರಿದರೆ ಅದು ಕೆಲಸಕ್ಕೆ ಬರುವುದಿಲ್ಲ. ಆ ಡಬ್ಬಿಗೆ ಅವಧಿ ಮುಗಿಯುವ ದಿನಾಂಕವೂ ಇದೆ. ಗಾಳಿ ಹೋದ ಮೇಲೂ ಓಡುವ ರನ್-ಫ್ಲಾಟ್ ಟೈರಾದರೆ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ವೇಗ ಮೀರದೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ಇದಾವುದೂ ಇಲ್ಲದಿದ್ದರೆ ಟೋಯಿಂಗ್ ಒಂದೇ ದಾರಿ. ಆದರೆ 'ಬಳಸಲು ಯೋಗ್ಯವಾದ ಸ್ಟೆಪ್ನಿ ಇಲ್ಲದಿದ್ದರೆ ಸೇವೆ ಇಲ್ಲ' ಎಂದು ಕೆಲವು ಪಾಲಿಸಿಗಳು ಬರೆದುಕೊಂಡಿರುತ್ತವೆ. ಸ್ಟೆಪ್ನಿ ಇಲ್ಲದೆಯೇ ಮಾರಾಟವಾದ ಕಾರಿಗೂ ಈ ಷರತ್ತು ಅನ್ವಯಿಸುತ್ತದೆಯೇ ಎಂದು ಕೇಳಲೇಬೇಕು.

ತಪ್ಪು ಇಂಧನ ಹಾಕಿಸಿಕೊಂಡರೆ, ಕೀ ಕಾರಿನೊಳಗೇ ಉಳಿದರೆ ಬರುತ್ತಾರೆಯೇ ಎಂಬುದನ್ನೂ ನೋಡಿ. ಅಪಘಾತ ಮಾತ್ರ ಬೇರೆ ಬಾಬತ್ತು. ಗುದ್ದಿದ ಕಾರನ್ನು ಸಾಗಿಸುವುದು ಸಾಮಾನ್ಯವಾಗಿ ವಿಮೆಯ ಕೆಲಸ, ಬ್ರೇಕ್‌ಡೌನ್ ಕವರ್‌ನದ್ದಲ್ಲ. ಆಡ್-ಆನ್ ತಗೊಂಡರೆ ಸಹಾಯಕ್ಕೆ ಕರೆದದ್ದು ವಿಮಾ ಕ್ಲೇಮ್ ಎಂದು ದಾಖಲಾಗಿ ನೋ ಕ್ಲೇಮ್ ಬೋನಸ್‌ಗೆ ಹೊಡೆತ ಬೀಳುತ್ತದೆಯೇ ಎಂದೂ ಕೇಳಿ. ಸಾಮಾನ್ಯವಾಗಿ ಇಲ್ಲ ಎನ್ನುತ್ತಾರೆ, ಅದನ್ನೂ ಬರಹದಲ್ಲಿ ಪಡೆಯಿರಿ.

ನಿಮ್ಮ ಮನೆಗೆ ನನ್ನ ಸಲಹೆ

ಎಲೆಕ್ಟ್ರಿಕ್ ಕಾರಿಗೆ ಕಾರು ಕಂಪನಿಯದ್ದನ್ನೇ ಇಟ್ಟುಕೊಳ್ಳಿ. ಹೊಸ ಕಾರಿನ ಜೊತೆ ಕೆಲವು ವರ್ಷ ಅದು ಪುಕ್ಕಟೆ ಬರುವುದೇ ಹೆಚ್ಚು. ನಿಮಗೆ ಈಗಾಗಲೇ ಇದೆಯೋ ಏನೋ, ಕೊಳ್ಳುವ ಮುಂಚೆ ವಾರಂಟಿ ಪುಸ್ತಕ ತೆಗೆದು ನೋಡಿ. ಆ ಕಾರು ಹೇಗಿದ್ದರೂ ಅವರ ವರ್ಕ್‌ಶಾಪ್‌ಗೇ ಹೋಗಬೇಕು, ಆದ್ದರಿಂದ 'ಅಧಿಕೃತ ವರ್ಕ್‌ಶಾಪ್' ಷರತ್ತು ಇಲ್ಲಿ ನಿಮಗೆ ಅಡ್ಡಿಯಾಗುವುದಿಲ್ಲ. ಫ್ಲಾಟ್‌ಬೆಡ್ ಮತ್ತು ಚಾರ್ಜ್ ಮುಗಿದಾಗಿನ ಸೇವೆ, ಇವೆರಡು ಖಚಿತ ಮಾಡಿಕೊಳ್ಳಿ. ಸರ್ವೀಸ್ ಬೇರೆ ಕಡೆ ಮಾಡಿಸಿದರೆ ಕವರ್ ಹೋಗುತ್ತದೆಯೇ ಎಂದೂ ತಿಳಿದುಕೊಳ್ಳಿ.

ಹಳೆಯ ಪೆಟ್ರೋಲ್ ಕಾರಿನ ವಿಷಯ ನೀವು ಅದನ್ನು ಎಲ್ಲಿ ಓಡಿಸುತ್ತೀರಿ ಎನ್ನುವುದರ ಮೇಲಿದೆ. ಊರೊಳಗಿನ ಓಡಾಟಕ್ಕಷ್ಟೇ ಆದರೆ, ಮನೆ ಬಾಗಿಲಿಗೆ ಬರುವ ಸೇವೆ ಇದ್ದರೆ, ವಿಮಾ ಕಂಪನಿಯ ಆಡ್-ಆನ್ ಧಾರಾಳವಾಗಿ ಸಾಕು. ನಿಮ್ಮ ಗ್ಯಾರೇಜ್ ಟೋಯಿಂಗ್ ಮಿತಿಯೊಳಗೇ ಇರುತ್ತದೆ. ಉಳಿದ ದುಡ್ಡಿನಲ್ಲಿ ಬ್ಯಾಟರಿ, ಟೈರು, ಬೆಲ್ಟ್ ನೋಡಿಸಿ. ದೂರದ ಊರಿಗೆ ಆಗಾಗ ಹೋಗುವುದಿದ್ದರೆ, ಅಥವಾ ಮಗಳು ಒಬ್ಬಳೇ ಹೆದ್ದಾರಿಯಲ್ಲಿ ಓಡಿಸುವುದಿದ್ದರೆ, ಮೂರು ಪಟ್ಟು ಬೆಲೆಯ ಸಂಸ್ಥೆಯನ್ನೇ ಆರಿಸಿ. ನೀವು ಹೇಳಿದ ಜಾಗಕ್ಕೆ ತಲುಪಿಸುವ ಮಾತು, ಜೊತೆಗಿರುವವರನ್ನು ಕರೆದೊಯ್ಯುವ ಮಾತು, ಎರಡೂ ಪಾಲಿಸಿಯಲ್ಲಿ ಬರೆದಿರಬೇಕು. ಒಬ್ಬರೇ ಇರುವ ಚಾಲಕರಿಗೆ ಬೇಗ ಗಾಡಿ ಕಳಿಸುತ್ತೀರಾ ಎಂದೂ ಕೇಳಿ, ಕೆಲವು ಸಂಸ್ಥೆಗಳು ಹಾಗೆ ಮಾಡುತ್ತವೆ. ಇದಕ್ಕೆ ಕೊಡುವ ದುಡ್ಡಿಗೆ ನಾನು ಎರಡನೇ ಮಾತು ಆಡುವುದಿಲ್ಲ.

ಮುಂದಿನ ವರ್ಷ ತಾನಾಗಿ ನವೀಕರಣ ಆಗುವ ಏರ್ಪಾಡಿಗೆ ಒಪ್ಪಬೇಡಿ. ಮೊದಲ ವರ್ಷದ ರಿಯಾಯಿತಿ ಹೋಗಿ ಬೆಲೆ ಏರುವುದು ಅಲ್ಲೇ.

ಪಾಲಿಸಿ ಕೈಗೆ ಬಂದ ದಿನವೇ ಮಗಳನ್ನು ಕರೆದು ಕಾರಿನ ಹತ್ತಿರ ಹೋಗಿ. ಸಹಾಯದ ನಂಬರನ್ನು ಮೂವರ ಮೊಬೈಲ್‌ನಲ್ಲೂ ಉಳಿಸಿ. ಒಂದು ಚೀಟಿಯಲ್ಲಿ ಅದನ್ನೂ ಪಾಲಿಸಿ ನಂಬರನ್ನೂ ಬರೆದು ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿಡಿ, ಚಾರ್ಜ್ ಮುಗಿದ ಫೋನ್‌ನಿಂದ ನಂಬರ್ ತೆಗೆಯಲಾಗದು. ಮೊಬೈಲ್‌ನಿಂದ ತಾನಿರುವ ಜಾಗ ಕಳಿಸುವುದು ಹೇಗೆ, ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿ ಹೇಳುವುದು ಹೇಗೆ ಎಂದು ತೋರಿಸಿ. ಗಾಡಿ ನಿಂತ ತಕ್ಷಣ ಹಜಾರ್ಡ್ ಲೈಟ್ ಹಾಕಬೇಕು, ವಾಹನಗಳು ಓಡಾಡದ ಕಡೆಯ ಬಾಗಿಲಿನಿಂದ ಇಳಿಯಬೇಕು, ತಡೆಬೇಲಿ ಇದ್ದರೆ ಅದರ ಆಚೆ ನಿಂತು ಫೋನ್ ಮಾಡಬೇಕು ಎಂದು ಹೇಳಿಕೊಡಿ. ಆಮೇಲೆ ಡಿಕ್ಕಿ ತೆಗೆದು ಸ್ಟೆಪ್ನಿಯ ಗಾಳಿ ನೋಡಿ. ಚಕ್ರಕ್ಕೆ ಕಳ್ಳರಿಂದ ಕಾಯುವ ಲಾಕ್ ನಟ್ ಹಾಕಿದ್ದರೆ ಅದರ ಕೀ ಎಲ್ಲಿದೆ ಎಂದು ಹುಡುಕಿ ಸ್ಟೆಪ್ನಿ ಪಕ್ಕದಲ್ಲೇ ಇಡಿ. ಆ ಕೀ ಇಲ್ಲದಿದ್ದರೆ ಎಷ್ಟು ಒಳ್ಳೆಯ ಕಂಪನಿಯ ಮೆಕ್ಯಾನಿಕ್ ಬಂದರೂ ಚಕ್ರ ಬಿಚ್ಚುವುದು ಕಷ್ಟ.